ಮೊಮ್ಮಕ್ಕಳೊಂದಿಗೆ ಹಕ್ಕಿ ನೋಡಲು ಹೊರಡುವ ಮುನ್ನ ಪಂಚಾಂಗ ತೆಗೆಯಿರಿ

ಮುಂಬಯಿಯಲ್ಲಿ ರಾಜಹಂಸ (ಫ್ಲೆಮಿಂಗೋ) ನೋಡಲೆಂದು ಹೋಗಿ ನಿರಾಸೆಯಿಂದ ಮರಳುವವರು ಬಹಳ. ಅವರು ಭಾನುವಾರ ಬಿಡುವಾದ ಹೊತ್ತಿಗೆ ಹೊರಡುತ್ತಾರೆ. ಹಕ್ಕಿಗಳೋ ಸಮುದ್ರದ ಉಬ್ಬರ-ಇಳಿತಕ್ಕೆ ತಕ್ಕಂತೆ ಜಾಗ ಬದಲಿಸುತ್ತವೆ. ದೊಡ್ಡವರಾದರೆ ಇನ್ನೊಮ್ಮೆ ಬಂದರಾಯಿತು ಎಂದುಕೊಳ್ಳುತ್ತಾರೆ. ಏಳೆಂಟು ವರ್ಷದ ಮಗು ಒಮ್ಮೆ ಬರೀ ಕೆಸರು ನೋಡಿ ಬಂದರೆ ಮರುವಾರ ಬೇಗ ಏಳಲು ಒಪ್ಪುವುದು ಕಷ್ಟ. ಆದ್ದರಿಂದ ಮೊಮ್ಮಕ್ಕಳ ಕೈಹಿಡಿದು ಹೊರಡುವ ಅಜ್ಜ-ಅಜ್ಜಿಯರು ಮೊದಲು ಮಾಡಬೇಕಾದ ಕೆಲಸ ತಿಥಿ ನೋಡುವುದು.

ಮೊದಲು ತಿಥಿ, ಆಮೇಲೆ ಜಾಗ

ರಾಜಹಂಸಗಳ ಊಟದ ಬಯಲು ಠಾಣೆ ಖಾಡಿಯ, ಅಂದರೆ ನೆಲದೊಳಕ್ಕೆ ಚಾಚಿದ ಸಮುದ್ರದ ಹಿನ್ನೀರಿನ, ಕೆಸರು. ನೀರು ಇಳಿದಾಗ ಈ ಕೆಸರು ತೆರೆದುಕೊಳ್ಳುತ್ತದೆ, ಹಕ್ಕಿಗಳು ಅಲ್ಲಿ ಹರಡಿಕೊಂಡು ಮೇಯುತ್ತವೆ. ನೀರು ಏರಿ ಕೆಸರು ಮುಳುಗಿದಾಗ ಅವು ಎದ್ದು ಹತ್ತಿರದ ಆಳವಿಲ್ಲದ ಕೆರೆಗಳಿಗೆ ಬಂದು ವಿಶ್ರಮಿಸುತ್ತವೆ. ನವಿ ಮುಂಬಯಿಯ ನೆರೂಳಿನ ಟಿ.ಎಸ್. ಚಾಣಕ್ಯ ಕೆರೆ ಮತ್ತು ಡಿಪಿಎಸ್ ಕೆರೆ ಇಂಥವು. ಉಬ್ಬರವಿದ್ದರೆ ನೆರೂಳು, ಇಳಿತವಿದ್ದರೆ ಖಾಡಿಯ ಮುಂಬಯಿ ಬದಿಯ ದಂಡೆಯಲ್ಲಿರುವ ಶಿವಡಿ: ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಉಬ್ಬರದ ವೇಳೆ ಮೊಬೈಲಿನಲ್ಲಿ ಸಿಗುತ್ತದೆ. ಆದರೆ ಕೊಂಕಣ ಕರಾವಳಿಯವರ ಹಳೆಯ ಲೆಕ್ಕವೊಂದು ಮಕ್ಕಳಿಗೆ ಬಹಳ ಹಿಡಿಸುತ್ತದೆ. ತಿಥಿಯ ಸಂಖ್ಯೆಯನ್ನು ಮುಕ್ಕಾಲರಿಂದ ಗುಣಿಸಿದರೆ ತುಂಬು ಉಬ್ಬರದ ಗಂಟೆ ಬರುತ್ತದೆ. ಚೌತಿಯಾದರೆ ನಾಲ್ಕರ ಮುಕ್ಕಾಲು ಪಾಲು, ಅಂದರೆ ಸುಮಾರು 3 ಗಂಟೆ. ತ್ರಯೋದಶಿಗೆ 9.45, ಚತುರ್ದಶಿಗೆ 10.30. ದಿನಕ್ಕೆ ಎರಡು ಉಬ್ಬರವಾದ್ದರಿಂದ ಹಗಲಿಗೂ ರಾತ್ರಿಗೂ ಇದೇ ಲೆಕ್ಕ. ಹಿಂದಿನ ರಾತ್ರಿ ಮಗುವಿನ ಕೈಗೆ ಕಾಗದ ಪೆನ್ಸಿಲ್ ಕೊಟ್ಟು ಲೆಕ್ಕ ಮಾಡಿಸಿ, ಆಮೇಲೆ ಮೊಬೈಲಿನ ಪಟ್ಟಿಯೊಂದಿಗೆ ಹೋಲಿಸಲು ಹೇಳಿ. ತುಸು ಹೆಚ್ಚುಕಡಿಮೆ ಬರುತ್ತದೆ. ಮನೆ ಬಿಡುವ ವೇಳೆಯನ್ನು ಮೊಬೈಲಿನ ಪಟ್ಟಿ ನೋಡಿಯೇ ಗೊತ್ತುಮಾಡಿ.

ಬೆಳಗಿನ ನಡಿಗೆಗೆ ನನ್ನ ಆಯ್ಕೆ ತ್ರಯೋದಶಿ ಅಥವಾ ಚತುರ್ದಶಿ, ಜಾಗ ನೆರೂಳು. ಎಂಟೂವರೆಗೆ ಕೆರೆಯ ದಂಡೆ ಸೇರಿದರೆ ಹಕ್ಕಿಗಳು ಖಾಡಿಯಿಂದ ಸಾಲುಸಾಲಾಗಿ ಹಾರಿ ಬಂದಿಳಿಯುವುದನ್ನೇ ನೋಡಬಹುದು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರ ನಡುಹಗಲಿಗೆ ಬೀಳುವುದರಿಂದ, ನೀರು ಇಳಿಯುವ ಮಧ್ಯಾಹ್ನ ಮೂರರ ಹೊತ್ತು ಶಿವಡಿಗೆ ಹೇಳಿಮಾಡಿಸಿದಂತಿರುತ್ತದೆ.

ಬೆಳಕನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನೆರೂಳಿನಲ್ಲಿ ಖಾಡಿ ಪಶ್ಚಿಮಕ್ಕಿದೆ, ಬೆಳಗಿನ ಸೂರ್ಯ ನಿಮ್ಮ ಬೆನ್ನಿಗಿರುತ್ತಾನೆ, ಹಕ್ಕಿಯ ಬಣ್ಣ ಚೆನ್ನಾಗಿ ಕಾಣುತ್ತದೆ. ಶಿವಡಿಯ ದಂಡೆ ಪೂರ್ವಕ್ಕೆ ಮುಖ ಮಾಡಿದೆ. ಅಲ್ಲಿಗೆ ಬೆಳಿಗ್ಗೆ ಹೋದರೆ ಕಣ್ಣಿಗೆ ಬಿಸಿಲು ಹೊಡೆದು ಗುಲಾಬಿ ಹಕ್ಕಿಯೂ ಕಪ್ಪಾಗಿ ಕಾಣುತ್ತದೆ. ದೋಣಿಯಲ್ಲಿ ಹೋಗುವ ಆಸೆಯಿದ್ದರೆ ಐರೋಲಿಯಲ್ಲಿರುವ ಅರಣ್ಯ ಇಲಾಖೆಯ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರದಿಂದ ದೋಣಿ ಹೊರಡುತ್ತದೆ. ದೋಣಿಗೆ ನೀರು ಬೇಕಾದ್ದರಿಂದ ಅದರ ವೇಳೆಯೂ ಉಬ್ಬರದ ಮೇಲೆಯೇ ನಿಂತಿದೆ, ಮೊದಲೇ ವಿಚಾರಿಸಿ ಟಿಕೆಟ್ ಮಾಡಿಸಿ. ಈ ಖಾಡಿಯ ಒಂದು ಭಾಗವನ್ನು 2015ರಲ್ಲಿ ಫ್ಲೆಮಿಂಗೋ ಅಭಯಾರಣ್ಯವೆಂದು ಘೋಷಿಸಲಾಯಿತು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿಗೂ ಅದು ಸೇರಿತು.

ಬೈನಾಕ್ಯುಲರ್ ಅಭ್ಯಾಸ ಮನೆಯಲ್ಲೇ ಆಗಲಿ

ಕೆರೆಯ ದಂಡೆಯಲ್ಲಿ ಮೊದಲ ಸಲ ಬೈನಾಕ್ಯುಲರ್ ಕೈಗೆ ಕೊಟ್ಟರೆ ಮಗು ಹಕ್ಕಿಗಿಂತ ಆಕಾಶವನ್ನೇ ಹೆಚ್ಚು ನೋಡುತ್ತದೆ. ಎರಡು ದಿನ ಮುಂಚೆ ಬಾಲ್ಕನಿಯಲ್ಲಿ ನಿಂತು, ಎದುರಿನ ಕಟ್ಟಡದ ಮೇಲೆ ಕೂತ ಕಾಗೆಯ ಮೇಲೆ ಅಭ್ಯಾಸ ಮಾಡಿಸಿ. ಎಂಟು ಪಟ್ಟು ದೊಡ್ಡದಾಗಿಸುವ ಹಗುರವಾದದ್ದು ಸಾಕು. ಹತ್ತು ಪಟ್ಟಿನದು ಚಿಕ್ಕ ಕೈಯಲ್ಲಿ ನಡುಗುತ್ತದೆ. ಎರಡು ಕೊಳವೆಗಳನ್ನು ಮಗುವಿನ ಕಣ್ಣಿಗೆ ಸರಿಹೊಂದುವಷ್ಟು ಹತ್ತಿರಕ್ಕೆ ಮಡಚಿ, ಕೊರಳ ಪಟ್ಟಿಯನ್ನು ಗಿಡ್ಡ ಮಾಡಿ. ಕನ್ನಡಕ ಹಾಕುವ ನಾವು ಕಣ್ಣಿನ ಬದಿಯ ರಬ್ಬರ್ ಬಳೆಯನ್ನು ಕೆಳಗೆ ತಿರುಗಿಸಿಕೊಳ್ಳಬೇಕು.

ಮುಖ್ಯವಾದ ಪಾಠ ಒಂದೇ. ಮೊದಲು ಬರಿಗಣ್ಣಿನಿಂದ ಹಕ್ಕಿಯನ್ನು ನೋಡಬೇಕು, ಅದರಿಂದ ಕಣ್ಣು ಕೀಳದೆಯೇ ಬೈನಾಕ್ಯುಲರನ್ನು ಕಣ್ಣಿಗೆ ತರಬೇಕು. ಕೆಳಗೆ ನೋಡಿ ಎತ್ತಿದರೆ ಹಕ್ಕಿ ತಪ್ಪಿತೆಂದೇ ತಿಳಿಯಿರಿ. ಸೂರ್ಯನ ಕಡೆಗೆ ಅದನ್ನು ಎಂದೂ ತಿರುಗಿಸಬಾರದೆಂದು ಖಡಾಖಂಡಿತವಾಗಿ ಹೇಳಿ.

ಉಳಿದ ಸಿದ್ಧತೆ ಸುಲಭ: ಮಣ್ಣಿನ ಬಣ್ಣದ ಬಟ್ಟೆ, ತುಂಬು ತೋಳು, ಟೋಪಿ, ನೀರು, ಸೊಳ್ಳೆಗೆ ಹಚ್ಚುವ ಮುಲಾಮು, ತಿನ್ನಲು ಅವಲಕ್ಕಿ ಚೂಡಾ. ಮಂಡಿನೋವಿದ್ದವರು ಮಡಚುವ ಸ್ಟೂಲ್ ಒಯ್ಯಿರಿ.

ಒಂದೇ ಹಕ್ಕಿ, ಬಹಳ ಹೊತ್ತು

ದಂಡೆ ಸೇರಿದ ಮೇಲೆ ನಾವು ಹಿರಿಯರು ಸಾಮಾನ್ಯವಾಗಿ ಅವಸರಪಡುತ್ತೇವೆ. "ಅಗೋ ಬೆಳ್ಳಕ್ಕಿ, ಇಗೋ ನೀರುಕಾಗೆ" ಎಂದು ಹೆಸರುಗಳ ಮಳೆ ಸುರಿಸುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ. ಮಗುವೇ ಒಂದು ಹಕ್ಕಿಯನ್ನು ಆರಿಸಿಕೊಳ್ಳಲಿ, ಅದು ಏನು ಮಾಡುತ್ತಿದೆ ಎಂದು ಹತ್ತು ನಿಮಿಷ ನೋಡಲಿ. ಹೆಸರು ಆಮೇಲೆ ಹೇಳಿದರೂ ನಡೆಯುತ್ತದೆ.

ರಾಜಹಂಸವನ್ನೇ ಆರಿಸಿಕೊಂಡಿತೆನ್ನಿ. ಅದು ತಲೆಯನ್ನು ತಲೆಕೆಳಗಾಗಿ ನೀರಿಗಿಳಿಸುತ್ತದೆ, ಮೇಲಿನ ಕೊಕ್ಕು ಕೆಳಗಾಗುತ್ತದೆ. ನಾಲಿಗೆಯಿಂದ ಕೆಸರುನೀರನ್ನು ಒಳಗೆಳೆದು ಹೊರಗೆ ತಳ್ಳುತ್ತದೆ. ಕೊಕ್ಕಿನಂಚಿನ ಜರಡಿಯಂಥ ಎಳೆಗಳಲ್ಲಿ ಪಾಚಿ, ಸಣ್ಣ ಜೀವಿಗಳು ಉಳಿಯುತ್ತವೆ. ಆ ಆಹಾರದಲ್ಲಿರುವ ಬಣ್ಣದ ದ್ರವ್ಯವೇ ರೆಕ್ಕೆಪುಕ್ಕಕ್ಕೆ ಗುಲಾಬಿ ಕೊಡುತ್ತದೆ. ಹಾಗಾದರೆ ಗುಂಪಿನ ನಡುವೆ ಬೂದುಕಂದು ಬಣ್ಣದವು ಯಾವುವು? ಮರಿಗಳು, ಬಣ್ಣ ಬರಲು ಅವಕ್ಕೆ ಇನ್ನೂ ಸಮಯ ಬೇಕು. ಅವನ್ನು ಹುಡುಕುವ ಕೆಲಸವನ್ನು ಮಗುವಿಗೆ ಕೊಡಿ. ಕೆಲವೊಮ್ಮೆ ಒಂದು ಹಕ್ಕಿ ಕೆಸರನ್ನು ಕಾಲಿನಿಂದ ತುಳಿಯುತ್ತ ನಿಂತಲ್ಲೇ ಗುಂಡಗೆ ಸುತ್ತುತ್ತದೆ. ತಳದ ಆಹಾರವನ್ನು ಕದಡಿ ಮೇಲೆಬ್ಬಿಸುವ ಉಪಾಯ ಅದು.

"ಇದರ ಮೊಣಕಾಲು ಯಾಕೆ ಹಿಂದಕ್ಕೆ ಮಡಚುತ್ತದೆ ಅಜ್ಜಿ?" ಎಂದು ನನ್ನ ಮೊಮ್ಮಗಳು ಕೇಳಿದಳು. ಕಾಲಿನ ನಡುವೆ ಕಾಣುವುದು ಮೊಣಕಾಲಲ್ಲ, ಹಿಮ್ಮಡಿಯ ಕೀಲು. ನಿಜವಾದ ಮೊಣಕಾಲು ಮೇಲೆ, ಪುಕ್ಕದೊಳಗೆ ಅಡಗಿದೆ. ಕೇಳಿದ ಕೂಡಲೇ ಅವಳು ತುದಿಗಾಲಲ್ಲಿ ನಿಂತು ನಡೆದು ನೋಡಿದಳು. ನಿಮ್ಮ ಮಗುವೂ ನಡೆಯಲಿ, ಅರ್ಥವಾಗುತ್ತದೆ.

ಇಲ್ಲಿ ಎರಡು ಬಗೆಯ ರಾಜಹಂಸಗಳಿವೆ. ಹೆಚ್ಚಿನವು ಚಿಕ್ಕವು, ಕಡುಗೆಂಪು ಕೊಕ್ಕಿನವು. ನಡುನಡುವೆ ಎತ್ತರವಾಗಿ, ತಿಳಿಬಣ್ಣದಲ್ಲಿ, ಗುಲಾಬಿ ಕೊಕ್ಕಿಗೆ ಕಪ್ಪು ತುದಿಯಿರುವವು ದೊಡ್ಡವು. ಜೊತೆಗೆ ಉದ್ದನೆಯ ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿ, ಚಳಿಗಾಲಕ್ಕೆ ಉತ್ತರದಿಂದ ಬರುವ ಅಗಲ ಕೊಕ್ಕಿನ ಬಾತು, ಗದ್ದೆಗೊರವಗಳೂ ಸಿಗುತ್ತವೆ. ಕೆರೆಯ ಬದಿಯ ಕಂಬದ ಮೇಲೆ ಮಿಂಚುಳ್ಳಿ ಕೂತಿದ್ದರೆ ರಾಜಹಂಸವನ್ನು ಬಿಟ್ಟು ಅತ್ತ ತಿರುಗಿದರೂ ತಪ್ಪಿಲ್ಲ.

ನಮಗೆ ಕೇಳದ ಸಣ್ಣ ದನಿ ಮಕ್ಕಳಿಗೆ ಕೇಳುತ್ತದೆ. ಅವರು "ಅಲ್ಲೇನೋ ಇದೆ" ಎಂದರೆ ನಂಬಿ, ನಿಲ್ಲಿ.

ಎಣಿಕೆ

ಸಾವಿರ ಹಕ್ಕಿಗಳನ್ನು ಒಂದೊಂದಾಗಿ ಎಣಿಸಲಾಗದು. ಮೊದಲು ಹತ್ತನ್ನು ಎಣಿಸಿ, ಅವು ಎಷ್ಟು ಜಾಗ ಹಿಡಿದಿವೆ ಎಂದು ನೋಡಿ. ಅಂಥ ಹತ್ತು ಜಾಗ ಸೇರಿದರೆ ನೂರು. ಆ ನೂರರ ಅಳತೆಯಿಂದ ಇಡೀ ಗುಂಪನ್ನು ಅಳೆಯಿರಿ. ಮಗುವೂ ನೀವೂ ಬೇರೆಬೇರೆಯಾಗಿ ಎಣಿಸಿ ಪುಸ್ತಕದಲ್ಲಿ ಬರೆದುಕೊಳ್ಳಿ. ಪಕ್ಕದಲ್ಲಿ ಕೊಕ್ಕಿನ ಚಿತ್ರ, ಕಾಲಿನ ಬಣ್ಣ, ದಿನಾಂಕ, ವೇಳೆ ಇರಲಿ.

ಹಕ್ಕಿಗೆ ತೊಂದರೆಯಾಗದಂತೆ

ಮೇಯುತ್ತಿದ್ದ ರಾಜಹಂಸಗಳೆಲ್ಲ ಒಮ್ಮೆಲೇ ತಲೆಯೆತ್ತಿ, ಒತ್ತೊತ್ತಾಗಿ ನಿಂತು, ಒಂದೇ ದಿಕ್ಕಿಗೆ ನಡೆಯತೊಡಗಿದರೆ ನೀವು ತೀರಾ ಹತ್ತಿರ ಹೋಗಿದ್ದೀರಿ. ಹಿಂದೆ ಸರಿಯಿರಿ. ಫೋಟೋಗಾಗಿ ಚಪ್ಪಾಳೆ ತಟ್ಟಿ, ಕಲ್ಲೆಸೆದು ಹಾರಿಸುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮಗುವಿನ ಎದುರೇ ಅವರಿಗೆ ಬೇಡವೆಂದು ಹೇಳಿ. ಚಳಿಗಾಲದಲ್ಲಿ ಸಮುದ್ರದಂಡೆಗೆ ಬರುವ ಕಡಲಹಕ್ಕಿಗಳಿಗೆ ಗಾಠಿಯಾ, ಸೇವು ಎರಚುವುದು ನಮ್ಮ ನಗರದ ಕೆಟ್ಟ ಚಟ. ಮೀನು ತಿನ್ನುವ ಹಕ್ಕಿಗೆ ಎಣ್ಣೆಯಲ್ಲಿ ಕರಿದ ಉಪ್ಪುಹಿಟ್ಟು ಆಹಾರವಲ್ಲ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ನುಗ್ಗಬೇಡಿ, ಕೆಸರಿಗೆ ಕಾಲಿಡಲೇಬೇಡಿ. ಗಟ್ಟಿಯಾಗಿ ಕಂಡರೂ ಅದು ಮಂಡಿಯವರೆಗೆ ಎಳೆದುಕೊಳ್ಳುತ್ತದೆ.

ಒಂದೂವರೆ ಗಂಟೆ ಆಯಿತೆಂದರೆ ಹೊರಡಿ, ಮಗುವಿಗೆ ಇನ್ನೂ ನೋಡುವ ಆಸೆ ಇರುವಾಗಲೇ. ಡಿಸೆಂಬರಿನಲ್ಲಿ ಗುಂಪು ಚಿಕ್ಕದಿದ್ದರೆ ಬೇಸರ ಬೇಡ. ಮುಂದಿನ ತಿಂಗಳುಗಳಲ್ಲಿ ಸಂಖ್ಯೆ ಏರುತ್ತದೆ, ಮಳೆಗಾಲಕ್ಕೆ ಮುನ್ನ ಅವು ಮರಳುತ್ತವೆ. ಫೆಬ್ರುವರಿ ನಡುವಿಗೆ ನಾಲ್ಕು ದಿನ ಜಗತ್ತಿನಾದ್ಯಂತ 'ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್' ನಡೆಯುತ್ತದೆ. ಕನಿಷ್ಠ ಹದಿನೈದು ನಿಮಿಷ ಒಂದೆಡೆ ನೋಡಿದ ಹಕ್ಕಿಗಳ ಪಟ್ಟಿಯನ್ನು 'ಇ-ಬರ್ಡ್' ಆ್ಯಪ್‌ಗೆ ಸೇರಿಸಿದರೆ ಸಾಕು, ಹಣ ಕೊಡಬೇಕಿಲ್ಲ. ಕೆರೆಗೆ ಹೋಗಲಾಗದಿದ್ದರೆ ಬಾಲ್ಕನಿಯಿಂದ ಕಂಡ ಕಾಗೆ, ಪಾರಿವಾಳ, ಗಿಳಿಗಳ ಪಟ್ಟಿಯೂ ಸಲ್ಲುತ್ತದೆ.