ಬ್ರಿಟನ್ನಿನಲ್ಲಿ ಟೌನ್ ಪ್ಲಾನರ್ ಆಗಬೇಕೆಂದರೆ

ಆರ್ಕಿಟೆಕ್ಚರ್, ಸಿವಿಲ್, ಜಿಯಾಗ್ರಫಿ ಓದಿ ಬ್ರಿಟನ್ನಿಗೆ ಬರುವ ನಮ್ಮವರಲ್ಲಿ ಕೆಲವರಿಗೆ ನಗರ ಯೋಜನೆಯ ಮೇಲೆ ಮನಸ್ಸಿರುತ್ತದೆ. ಅವರಿಗೆ ಮೊದಲ ಮಾತು: ಫೀಸು ಕಟ್ಟುವ ಮುಂಚೆ ನಿಮ್ಮ ಕೋರ್ಸಿಗೆ ಆರ್‌ಟಿಪಿಐ ಮಾನ್ಯತೆ ಇದೆಯಾ ನೋಡಿಕೊಳ್ಳಿ.

ಆರ್‌ಟಿಪಿಐ ಎಂದರೆ ರಾಯಲ್ ಟೌನ್ ಪ್ಲಾನಿಂಗ್ ಇನ್‌ಸ್ಟಿಟ್ಯೂಟ್. 1914ರಲ್ಲಿ ಹುಟ್ಟಿದ ವೃತ್ತಿಸಂಸ್ಥೆ. ಬರೀ ಪ್ಲಾನರ್ ಎಂದು ಯಾರು ಬೇಕಾದರೂ ಹೇಳಿಕೊಳ್ಳಬಹುದು. ಚಾರ್ಟರ್ಡ್ ಟೌನ್ ಪ್ಲಾನರ್ ಎನ್ನಲು ಮಾತ್ರ ಇದರ ಸದಸ್ಯತ್ವ ಬೇಕು, ಹಿರಿಯ ಹುದ್ದೆಗಳಿಗೆ ಅದನ್ನು ಕೇಳುವುದು ಜಾಸ್ತಿ. ಬೇರೆ ವಿಷಯದಲ್ಲಿ ಡಿಗ್ರಿ ಮಾಡಿದವರಿಗೆ ಒಂದು ವರ್ಷದ ಮಾನ್ಯತೆ ಪಡೆದ ಮಾಸ್ಟರ್ಸ್ ಸಾಕು. ಆದರೆ ಹೆಸರಲ್ಲಿ ಅರ್ಬನ್, ಸಿಟೀಸ್ ಎಂದು ಇದ್ದ ಮಾತ್ರಕ್ಕೆ ಸೇರಿಬಿಡಬೇಡಿ. ಮಾನ್ಯತೆ ಪಡೆದ ಕೋರ್ಸುಗಳ ಪಟ್ಟಿ ಸಂಸ್ಥೆಯ ವೆಬ್‌ಸೈಟಿನಲ್ಲೇ ಇದೆ.

ಪ್ಲಾನಿಂಗ್ ಅನ್ನು ವಿಶ್ವವಿದ್ಯಾಲಯದಲ್ಲಿ ಕಲಿಸುವುದು ಶುರುವಾಗಿದ್ದು 1909ರಲ್ಲಿ, ಲಿವರ್‌ಪೂಲಿನಲ್ಲಿ. ನಮಗೂ ಈ ಕಥೆಯಲ್ಲಿ ಒಂದು ನಂಟು ಇದೆ. 1939ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ವಾಸ್ತುಶಿಲ್ಪಿ ಆಟೊ ಕೋನಿಗ್ಸ್‌ಬರ್ಗರ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಟ್ಟಡಗಳನ್ನು ಮಾಡಿದರು. ಮುಂದೆ ಲಂಡನ್ನಿಗೆ ಹೋಗಿ, ಯೂನಿವರ್ಸಿಟಿ ಕಾಲೇಜಿನ ಡೆವಲಪ್‌ಮೆಂಟ್ ಪ್ಲಾನಿಂಗ್ ಯೂನಿಟ್ ಬೆಳೆಸಿದವರೂ ಅವರೇ.

ಕೋರ್ಸಿಗೆ ಸೇರಿದ ಮೇಲೆ ನಮ್ಮವರು ತಡವರಿಸುವುದು ಇಲ್ಲಿನ ವ್ಯವಸ್ಥೆಯ ಮುಂದೆ. ನಮ್ಮಲ್ಲಿ ಮಾಸ್ಟರ್ ಪ್ಲಾನಿನ ವಲಯ ಯಾವುದು, ಎಷ್ಟು ಎತ್ತರ, ಎಷ್ಟು ಜಾಗ ಬಿಡಬೇಕು, ಇಷ್ಟು ಲೆಕ್ಕ ಕೂಡಿಬಂದರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಬ್ರಿಟನ್ನಿನಲ್ಲಿ 1947ರ ಟೌನ್ ಅಂಡ್ ಕಂಟ್ರಿ ಪ್ಲಾನಿಂಗ್ ಕಾನೂನು ಬಂದಾಗಿನಿಂದ ಹೆಚ್ಚುಕಮ್ಮಿ ಪ್ರತಿ ಹೊಸ ಕಟ್ಟಡಕ್ಕೂ ಅನುಮತಿ ಬೇಕು, ಮತ್ತು ಅದನ್ನು ಒಂದೊಂದಾಗಿ ತೂಗಿ ನೋಡುತ್ತಾರೆ. ಸ್ಥಳೀಯ ಯೋಜನೆ ದಾರಿ ತೋರಿಸುತ್ತದೆ. ಅದರ ಜೊತೆಗೆ ಪಕ್ಕದ ಮನೆಯ ಬೆಳಕು, ಹಳೆಯ ಮರ, ರಸ್ತೆಯ ದಟ್ಟಣೆ, ಪಾರಂಪರಿಕ ಕಟ್ಟಡ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಕೌನ್ಸಿಲ್ಲಿನ, ಅಂದರೆ ಸ್ಥಳೀಯ ಆಡಳಿತದ, ಪ್ಲಾನಿಂಗ್ ಆಫೀಸರ್ ಜಾಗ ನೋಡುತ್ತಾರೆ, ನೆರೆಹೊರೆಯವರ ಆಕ್ಷೇಪಣೆ ಓದುತ್ತಾರೆ, ಕೊನೆಗೆ ವರದಿ ಬರೆಯುತ್ತಾರೆ. ಇಂಗ್ಲೆಂಡಿನಲ್ಲಿ ಸಣ್ಣ ಅರ್ಜಿಗೆ 8 ವಾರ, ದೊಡ್ಡದಕ್ಕೆ 13 ವಾರದ ಗಡುವು. ಅನುಮತಿ ಸಿಗದವರು ಮೇಲ್ಮನವಿ ಹಾಕಿದರೆ ಆ ವರದಿಯ ಒಂದೊಂದು ಸಾಲೂ ಪರೀಕ್ಷೆಗೆ ಬರುತ್ತದೆ. ಸ್ಕಾಟ್‌ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿನ ಕಾನೂನು ಬೇರೆ ಬೇರೆ. ಕೆಲಸ ಎಲ್ಲಿ ಹುಡುಕುತ್ತೀರೋ ಅಲ್ಲಿಯದನ್ನು ಓದಿ.

ಹಾಗಾಗಿ ಇಲ್ಲಿ ಪ್ಲಾನರ್‌ನ ಮುಖ್ಯ ಸಾಧನ ಬರವಣಿಗೆ. ಡ್ರಾಯಿಂಗ್, ಸಾಫ್ಟ್‌ವೇರ್ ಚೆನ್ನಾಗಿ ಬಂದರೆ ಒಳ್ಳೆಯದೇ. ಆದರೆ ಯಾಕೆ ಹೌದು, ಯಾಕೆ ಬೇಡ ಎಂದು ಎರಡು ಪುಟದಲ್ಲಿ ಸ್ಪಷ್ಟವಾಗಿ ಬರೆಯುವುದನ್ನು ಮೊದಲ ಅಸೈನ್‌ಮೆಂಟಿನಿಂದಲೇ ರೂಢಿ ಮಾಡಿಕೊಳ್ಳಿ. ಕೌನ್ಸಿಲ್‌ಗಳ ವೆಬ್‌ಸೈಟಿನಲ್ಲಿ ಆಫೀಸರುಗಳ ವರದಿ ಯಾರು ಬೇಕಾದರೂ ಓದಬಹುದು. ಅದಕ್ಕಿಂತ ಒಳ್ಳೆಯ ಪಠ್ಯಪುಸ್ತಕ ಇಲ್ಲ ಎಂದೇ ನನ್ನ ನಂಬಿಕೆ.

ಡಿಗ್ರಿ ಮುಗಿದರೆ ಅರ್ಧ ದಾರಿ ಅಷ್ಟೇ. ಚಾರ್ಟರ್ಡ್ ಆಗಲು ಆರ್‌ಟಿಪಿಐ ನಡೆಸುವ ಎಪಿಸಿ (ಅಸೆಸ್‌ಮೆಂಟ್ ಆಫ್ ಪ್ರೊಫೆಷನಲ್ ಕಾಂಪಿಟೆನ್ಸ್) ಎಂಬ ಮೌಲ್ಯಮಾಪನ ದಾಟಬೇಕು. ಮಾಸ್ಟರ್ಸ್ ಮುಗಿಸಿದವರು ಸಾಮಾನ್ಯವಾಗಿ ಹಿಡಿಯುವ ದಾರಿಗೆ 2 ವರ್ಷದ ಕೆಲಸದ ಅನುಭವ ಬೇಕು. ಅದೂ ಬರವಣಿಗೆಯೇ: ಏನು ಕೆಲಸ ಮಾಡಿದಿರಿ, ಯಾವ ಪ್ರಕರಣದಲ್ಲಿ ಹೇಗೆ ಯೋಚಿಸಿದಿರಿ, ಮುಂದೆ ಏನು ಕಲಿಯುತ್ತೀರಿ. ‘ನಮ್ಮ ತಂಡ ಮಾಡಿತು’ ಎಂದು ಬರೆದರೆ ನಡೆಯುವುದಿಲ್ಲ. ನೀವೇ ಏನು ತೀರ್ಮಾನಿಸಿದಿರಿ ಎಂಬುದು ಅವರಿಗೆ ಬೇಕು. ಕೆಲಸಕ್ಕೆ ಸೇರಿದ ದಿನದಿಂದಲೇ ಡೈರಿ ಇಡಿ. ಎರಡು ವರ್ಷ ಬಿಟ್ಟು ನೆನಪು ಮಾಡಿಕೊಳ್ಳುವುದು ಕಷ್ಟ, ಅಲ್ವಾ? ಊರಲ್ಲೇ ವರ್ಷಗಟ್ಟಲೆ ಪ್ಲಾನಿಂಗ್ ಮಾಡಿ ಬಂದವರಿಗೆ, ಮಾನ್ಯತೆಯ ಡಿಗ್ರಿ ಇಲ್ಲದಿದ್ದರೂ, ಅನುಭವಿಗಳ ದಾರಿ ಎಂದು ಬೇರೆಯೇ ಇದೆ.

ಇನ್ನು ವೀಸಾ. ಮಾಸ್ಟರ್ಸ್ ಆದ ಮೇಲೆ ಸಿಗುವ ಗ್ರಾಜುಯೇಟ್ ವೀಸಾ 2 ವರ್ಷದ್ದು. 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ ಅದು 18 ತಿಂಗಳಿಗೆ ಇಳಿಯುತ್ತದೆ. ಎಪಿಸಿಗೆ ಬೇಕಾದ ಅನುಭವ ಅಷ್ಟರಲ್ಲಿ ತುಂಬುವುದು ಕಷ್ಟ. ಆದ್ದರಿಂದ ಸ್ಕಿಲ್ಡ್ ವರ್ಕರ್ ವೀಸಾಗೆ ಸ್ಪಾನ್ಸರ್ ಮಾಡುತ್ತೀರಾ ಎಂದು ಕೆಲಸ ಕೊಡುವವರನ್ನು ಮೊದಲ ಸಂದರ್ಶನದಲ್ಲೇ, ಸಂಕೋಚವಿಲ್ಲದೆ ಕೇಳಿ.