ಉಪ್ಪಿನಕಾಯಿ ಪ್ಯಾಕೆಟ್ಟಿನ ಚಿತ್ರ: ಕುಡಿತದ ತುಡಿತವನ್ನು ಮಿದುಳಿನಲ್ಲಿ ಅಳೆಯಲು ಹೊರಟ ನನ್ನ ಅನುಭವ

ಕುಡಿತ ಬಿಡಲು ಚಿಕಿತ್ಸೆ ಪಡೆಯುತ್ತಿರುವವರಲ್ಲಿ ತುಡಿತ ಎದ್ದಾಗ ಮಿದುಳಿನ ಯಾವ ಭಾಗಗಳು ಚುರುಕಾಗುತ್ತವೆ ಎಂಬುದನ್ನು, ಮಿದುಳಿನ ಚಟುವಟಿಕೆಯನ್ನು ಚಿತ್ರವಾಗಿ ತೋರಿಸುವ ಎಫ್‌ಎಂಆರ್‌ಐ ಯಂತ್ರದಲ್ಲಿ ನೋಡುವ ಸಣ್ಣ ಅಧ್ಯಯನವೊಂದನ್ನು ಬೆಂಗಳೂರಿನಲ್ಲಿ ನಾವು ಕೈಗೆತ್ತಿಕೊಂಡಾಗ, ಕಷ್ಟವೆಲ್ಲ ಯಂತ್ರದಲ್ಲಿ ಮತ್ತು ಲೆಕ್ಕಾಚಾರದಲ್ಲಿ ಇರುತ್ತದೆ ಎಂದೇ ನಾನು ತಿಳಿದಿದ್ದೆ. ಆದರೆ ನಮ್ಮನ್ನು ತಿಂಗಳುಗಟ್ಟಲೆ ಕಾಡಿದ್ದು ಪರದೆಯ ಮೇಲೆ ಯಾವ ಚಿತ್ರ ತೋರಿಸಬೇಕು ಎಂಬ ಪ್ರಶ್ನೆ.

ಯಂತ್ರದೊಳಗೆ ಮಲಗಿದವರಿಗೆ ಸ್ವಲ್ಪ ಹೊತ್ತು ಮದ್ಯಕ್ಕೆ ಸಂಬಂಧಿಸಿದ ಚಿತ್ರಗಳನ್ನು, ಅಷ್ಟೇ ಹೊತ್ತು ನೀರು, ಮಜ್ಜಿಗೆ, ಟೀ ಇತ್ಯಾದಿಗಳ ಚಿತ್ರಗಳನ್ನು ಸರದಿಯಂತೆ ತೋರಿಸಿ, ಎರಡೂ ಹೊತ್ತಿನಲ್ಲಿ ಮಿದುಳಿನ ರಕ್ತದ ಆಮ್ಲಜನಕದ ಮಟ್ಟದಲ್ಲಿ ಕಾಣುವ ವ್ಯತ್ಯಾಸವನ್ನು ಹೋಲಿಸುತ್ತೇವೆ. ನರಕೋಶಗಳು ಚುರುಕಾದ ಐದಾರು ಸೆಕೆಂಡುಗಳ ನಂತರವಷ್ಟೇ ಈ ಸಂಕೇತ ತನ್ನ ತುದಿ ಮುಟ್ಟುವುದರಿಂದ ಚಿತ್ರಗಳನ್ನು ಒಂದೊಂದಾಗಿ ಅಲ್ಲದೆ ಗೊಂಚಲಾಗಿ ತೋರಿಸುವುದು ವಾಡಿಕೆ. ಕುಡಿತ ನಿಲ್ಲಿಸಿದ ಮೊದಲ ದಿನಗಳ ನಡುಕ, ಬೆವರು ನಿಂತು, ಆ ದಿನಗಳಲ್ಲಿ ಕೊಡುವ ಬೆಂಜೊಡಯಜಪೀನ್ ಎಂಬ ಶಮನಕಾರಿ ಮಾತ್ರೆಗಳ ಪ್ರಭಾವವೂ ಕಳೆದ ಮೇಲೆಯೇ ನಾವು ಅವರನ್ನು ಕರೆಯುತ್ತಿದ್ದೆವು. ಬೀಡಿ ಸೇದುವವರು ಕೊನೆಯ ಬೀಡಿ ಎಷ್ಟು ಹೊತ್ತಿಗೆ ಸೇದಿದರು ಎಂಬುದನ್ನೂ ಬರೆದಿಡಬೇಕಿತ್ತು, ಏಕೆಂದರೆ ನಿಕೋಟಿನ್ ಸಿಗದ ಚಡಪಡಿಕೆ ಮದ್ಯದ ತುಡಿತದೊಂದಿಗೆ ಬೆರೆತುಬಿಟ್ಟರೆ ಯಾವುದು ಯಾವುದೆಂದು ಬೇರ್ಪಡಿಸಲಾಗುವುದಿಲ್ಲ.

ಆರಂಭದಲ್ಲಿ ವಿದೇಶಿ ಪ್ರಯೋಗಾಲಯಗಳಲ್ಲಿ ಬಳಸುವ ಚಿತ್ರಗಳನ್ನೇ ತೆಗೆದುಕೊಂಡೆವು. ಮೊದಮೊದಲು ಬಂದವರಲ್ಲಿ ನಲವತ್ತು ದಾಟಿದ ಗಾರೆ ಮೇಸ್ತ್ರಿಯೊಬ್ಬರಿದ್ದರು. ಲೋಹದ ವಸ್ತು ಒಂದೂ ಮೈಮೇಲೆ ಇರಬಾರದೆಂದಾಗ ತೋಳಿನ ತಾಯತವನ್ನು ಬಿಚ್ಚಲು ಬಹಳ ಹೊತ್ತು ಹಿಂಜರಿದು, ಕೊನೆಗೆ ಹೆಂಡತಿಯ ಅಂಗೈಯಲ್ಲಿಟ್ಟು, ಹೊರಬರುವವರೆಗೂ ಅದನ್ನು ನೆಲಕ್ಕೆ ಇಡಬೇಡವೆಂದು ಹೇಳಿ ಒಳಗೆ ಹೋದರು. ಇಷ್ಟೆಲ್ಲ ಆದ ಮೇಲೆ, ಕುಡಿಯಬೇಕೆಂಬ ಆಸೆ ಸೊನ್ನೆಯಿಂದ ಹತ್ತರವರೆಗೆ ಎಷ್ಟಿತ್ತೆಂದು ಕೇಳಿದರೆ ಅವರು ಸೊನ್ನೆ ಎಂದರು. ಉದ್ದ ಕಾಲಿನ ಗಾಜಿನ ಲೋಟ, ಕೆಂಪು ವೈನ್, ಮರದ ಬಾರ್ ಕೌಂಟರ್ ಇದ್ದ ಆ ಚಿತ್ರಗಳನ್ನು ನೆನೆದು, "ಅದು ಸಿನಿಮಾದೋರು ಕುಡಿಯೋದು ಸಾರ್, ನಮ್ಮದಲ್ಲ" ಎಂದರು.

ಅವರ ಆ ಮಾತಿನಲ್ಲಿ ವ್ಯಸನದ ನರವಿಜ್ಞಾನದ ಒಂದು ಮುಖ್ಯ ಪಾಠವೇ ಇತ್ತು. 1954ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಅವರು ಸನ್ನೆಕೋಲು ಒತ್ತಿದರೆ ಇಲಿಯ ಮಿದುಳಿನ ಕೆಲವು ಭಾಗಗಳಿಗೆ ವಿದ್ಯುತ್ ಸ್ಪರ್ಶ ಸಿಗುವಂತೆ ಮಾಡಿದಾಗ ಇಲಿ ಮತ್ತೆ ಮತ್ತೆ ಅದನ್ನು ಒತ್ತಿದ್ದನ್ನು ಕಂಡ ಮೇಲೆ, ಮಿದುಳಿನಲ್ಲಿ ಸುಖದ ಕೇಂದ್ರವಿದೆ ಎಂಬ ಕಲ್ಪನೆ ಬೆಳೆಯಿತು. ಆಮೇಲೆ ನರವಿಜ್ಞಾನಿ ವೋಲ್ಫ್ರಾಮ್ ಶುಲ್ಟ್ಸ್ ಅವರು ಕೋತಿಗಳಲ್ಲಿ, ಡೋಪಮೈನ್ ಎಂಬ ಸಂದೇಶವಾಹಕ ರಾಸಾಯನಿಕವನ್ನು ಬಿಡುಗಡೆ ಮಾಡುವ ನರಕೋಶಗಳ ವಿದ್ಯುತ್ ಸಂಕೇತಗಳನ್ನು ಆಲಿಸಿದಾಗ ಕಂಡದ್ದೇ ಬೇರೆ. ಹಣ್ಣಿನ ರಸ ಬರುವ ಮುನ್ನ ದೀಪ ಉರಿಯುತ್ತದೆಂದು ಕೋತಿ ಕಲಿತ ಮೇಲೆ ಆ ಕೋಶಗಳು ರಸಕ್ಕೆ ಸ್ಪಂದಿಸುವುದನ್ನು ಬಿಟ್ಟು ದೀಪಕ್ಕೆ ಸ್ಪಂದಿಸತೊಡಗಿದವು. ನೋರಾ ವೋಲ್ಕೋವ್ ಮತ್ತು ಸಂಗಡಿಗರು 2006ರಲ್ಲಿ, ಕೊಕೇನ್ ವ್ಯಸನಿಗಳಿಗೆ ಅದನ್ನು ಸೇವಿಸುವ ದೃಶ್ಯಗಳನ್ನಷ್ಟೇ ತೋರಿಸಿದರೂ ಮಿದುಳಿನ ಆಳದಲ್ಲಿರುವ ಸ್ಟ್ರಯೇಟಮ್‌ನ ಮೇಲ್ಭಾಗದಲ್ಲಿ, ಅಂದರೆ ರೂಢಿಗಳು ನೆಲೆಸುವ ಜಾಗದಲ್ಲಿ, ಡೋಪಮೈನ್ ಏರುತ್ತದೆ ಎಂದು ತೋರಿಸಿದರು. ಎಂದ ಮೇಲೆ ನಮ್ಮ ಮೇಸ್ತ್ರಿಯ ಮಿದುಳು ಎಂದೂ ಕಲಿಯದ ಸುಳಿವನ್ನು ತೋರಿಸಿ ಅದು ಸ್ಪಂದಿಸಲೆಂದು ನಾವು ಕಾದು ಕುಳಿತಿದ್ದೆವು.

ಆದ್ದರಿಂದ ಚಿತ್ರಗಳನ್ನು ನಾವೇ ತೆಗೆದೆವು. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಷೇಧವಾದ ಮೇಲೆ ಕೂಲಿಯವರ ಕೈಗೆ ಬಂದದ್ದು ಅಗ್ಗದ ವಿಸ್ಕಿಯ ಕ್ವಾರ್ಟರ್ ಮತ್ತು ತೊಂಬತ್ತು ಎಂಎಲ್‌ನ ಟೆಟ್ರಾ ಪ್ಯಾಕ್. ಎಲ್ಲರ ಬಾಯಲ್ಲಿ ಅದು ನೈಂಟಿ. ನೈಂಟಿಯ ಮೂಲೆ ಕತ್ತರಿಸುವ ಕೈ, ತೆಳುವಾದ ಪ್ಲಾಸ್ಟಿಕ್ ಲೋಟ, ನೀರಿನ ಪೊಟ್ಟಣ, ವೈನ್ ಸ್ಟೋರಿನ ಕಬ್ಬಿಣದ ಜಾಲರಿಯ ಕಿಂಡಿ, ಹೀಗೆ ಒಂದೊಂದನ್ನೂ ತೆಗೆದು, ಹೋಲಿಕೆಯ ಚಿತ್ರಗಳ ಬೆಳಕು ಮತ್ತು ಬಣ್ಣ ಇವುಗಳಿಗೆ ಸರಿಸಮವಾಗುವಂತೆ ತಿದ್ದಿದೆವು. ಯಾವ ಚಿತ್ರವನ್ನು ಉಳಿಸಿಕೊಳ್ಳಬೇಕೆಂದು ವಾರ್ಡಿನಲ್ಲಿದ್ದವರನ್ನೇ ಕೇಳಿದೆವು. ಆಗ ಮೇಸ್ತ್ರಿ ಬೊಟ್ಟು ಮಾಡಿದ್ದು ಬಾಟಲಿಯ ಮೇಲಲ್ಲ. ಹಲ್ಲಿನಿಂದ ಹರಿದು, ತುದಿಯಲ್ಲಿ ಎಣ್ಣೆ ಒಸರುತ್ತಿದ್ದ ಉಪ್ಪಿನಕಾಯಿ ಪ್ಯಾಕೆಟ್ಟಿನ ಮೇಲೆ. ಅದನ್ನು ನೋಡುತ್ತಿದ್ದಂತೆಯೇ ಅವರು ಎರಡು ಸಲ ಎಂಜಲು ನುಂಗಿದ್ದನ್ನು ನಾನು ಹತ್ತಿರದಿಂದ ಕಂಡೆ. ಮದ್ಯದ ಹನಿಯೂ ಇಲ್ಲದ ಆ ಚಿತ್ರವನ್ನು ಮದ್ಯದ ಗುಂಪಿಗೆ ಸೇರಿಸಬಹುದೇ ಎಂದು ನಮ್ಮಲ್ಲಿ ಬಹಳ ಚರ್ಚೆ ನಡೆಯಿತು. ಸೇರಿಸಲೇಬೇಕೆಂದು ನಾನು ವಾದಿಸಿದೆ, ಇಂದಿಗೂ ನನ್ನ ಅಭಿಪ್ರಾಯ ಅದೇ.

ಆದರೆ ಚಿತ್ರಗಳು ನಿಜಕ್ಕೆ ಹತ್ತಿರವಾದಂತೆ ಅಪಾಯವೂ ಹತ್ತಿರ ಬಂತು. ಒಂದು ದಿನ ಸ್ಕ್ಯಾನ್ ಮುಗಿಸಿ, ಪ್ರಯಾಣದ ಖರ್ಚು ಪಡೆದು ಹೊರಟ ಯುವಕನೊಬ್ಬ ಅದೇ ಸಂಜೆ ಕುಡಿದ. ಮರುದಿನ ಅವನ ತಾಯಿ ಫೋನ್ ಮಾಡಿ, "ನೀವೇ ನೆನಪು ಮಾಡಿಸಿ ಕಳಿಸಿದಿರಲ್ಲ" ಎಂದಾಗ ನನ್ನಲ್ಲಿ ಉತ್ತರವಿರಲಿಲ್ಲ. ತುಡಿತವನ್ನು ಎಬ್ಬಿಸುವ ವಿಧಾನವನ್ನು ಪುಟಗಟ್ಟಲೆ ಬರೆದಿದ್ದ ನಾನು ಅದನ್ನು ಇಳಿಸುವುದಕ್ಕೆ ಒಂದೇ ಸಾಲು ಬರೆದಿದ್ದೆ. ಕೆಲಸವನ್ನು ನಿಲ್ಲಿಸಿ, ಸಂಶೋಧನೆಯ ನೈತಿಕತೆಯನ್ನು ಪರಿಶೀಲಿಸುವ ಸಮಿತಿಗೆ ವಿಷಯ ತಿಳಿಸಿ, ಕ್ರಮವನ್ನು ಬದಲಿಸಿದೆವು. ಈಗ ಸ್ಕ್ಯಾನ್ ಆದ ಮೇಲೆ ಊಟ, ಆಪ್ತಸಮಾಲೋಚಕರೊಂದಿಗೆ ಮಾತು, ಆಸೆಯ ಅಂಕವು ಅವರು ಬರುವಾಗ ಇದ್ದ ಮಟ್ಟಕ್ಕೆ ಇಳಿಯುವವರೆಗೆ ಕಾಯುವುದು, ಮನೆಯವರ ಜೊತೆಗೇ ಕಳಿಸುವುದು ಮತ್ತು ಸಂಜೆ ಒಂದು ಫೋನ್ ಕಡ್ಡಾಯ. ಖರ್ಚಿನ ಹಣವನ್ನು ಮನೆಯವರ ಕೈಗೆ ಕೊಡುತ್ತೇವೆ, ಅದಕ್ಕೂ ಬಂದವರ ಒಪ್ಪಿಗೆ ಕೇಳಿಯೇ.

ಈ ಕ್ಷೇತ್ರಕ್ಕೆ ಬರಲು ಬಯಸುವ ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಕಾಲವೆಂದು ನಾನು ಮನಸಾರೆ ಹೇಳುತ್ತೇನೆ. ಪಾರ್ಶ್ವವಾಯುವಿನಿಂದ ಮಿದುಳಿನ ಇನ್ಸುಲಾ ಎಂಬ ಭಾಗಕ್ಕೆ ಪೆಟ್ಟು ಬಿದ್ದ ಕೆಲವು ಧೂಮಪಾನಿಗಳು ಸಲೀಸಾಗಿ ಸಿಗರೇಟು ಬಿಟ್ಟದ್ದು 2007ರಲ್ಲಿ ವರದಿಯಾಯಿತು. ಧೂಮಪಾನ ಬಿಡಿಸಲು ಮಿದುಳಿಗೆ ಹೊರಗಿನಿಂದ ಕಾಂತೀಯ ಪ್ರಚೋದನೆ ಕೊಡುವ ಸಾಧನವೊಂದಕ್ಕೆ 2020ರಲ್ಲಿ ಅಮೆರಿಕ ಅನುಮತಿ ಕೊಟ್ಟಿತು. ಸಕ್ಕರೆ ಕಾಯಿಲೆಗೆ ಕೊಡುವ ಸೆಮಾಗ್ಲುಟೈಡ್ ಕುಡಿತದ ಪ್ರಮಾಣವನ್ನೂ ತುಡಿತವನ್ನೂ ತಗ್ಗಿಸಿತೆಂದು 48 ಜನರ ಪ್ರಯೋಗವೊಂದು 2025ರಲ್ಲಿ ತೋರಿಸಿತು. ಅಷ್ಟು ಕಡಿಮೆ ಜನರ ಮೇಲೆ ನಡೆದ ಪ್ರಯೋಗವನ್ನು ನಂಬಿ ಔಷಧಿ ಬರೆಯುವ ಅವಸರ ಬೇಡ. ಕುಡಿತ ಬಿಡಲು ನೆರವಾಗುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ಗಳಂಥ ಹಳೆಯ ಮಾತ್ರೆಗಳು ಯಾರಿಗೆ ನಾಟುತ್ತವೆ, ಯಾರಿಗೆ ನಾಟುವುದಿಲ್ಲ ಎಂಬುದನ್ನು ಮೊದಲೇ ತಿಳಿಯುವ ದಾರಿ ಸಿಕ್ಕರೆ ಅದೇ ದೊಡ್ಡ ಸಾಧನೆಯಾದೀತು, ಮತ್ತು ಆ ದಾರಿಯ ಕೆಲಸ ನಮ್ಮ ಊರುಗಳಲ್ಲಿಯೇ ಆಗಬೇಕು.

ಮೇಸ್ತ್ರಿ ಈಗಲೂ ತಪಾಸಣೆಗೆ ಬರುತ್ತಾರೆ. ಹೋದ ಸಲ ಹೊಸ ಚಿತ್ರಗಳನ್ನು ತೋರಿಸಿದಾಗ, "ಇದೆಲ್ಲ ಸರಿ ಸಾರ್, ಆದರೆ ನೀವು ಕರೆಯೋದು ಮಂಗಳವಾರ ಬೆಳಿಗ್ಗೆ. ಶನಿವಾರ ಸಂಜೆ ಬಟವಾಡೆ ಆಗಿ ಜೇಬಿಗೆ ದುಡ್ಡು ಬಿದ್ದಾಗ ನೋಡಬೇಕು" ಎಂದರು. ಯಂತ್ರ ಬಿಡುವಾಗಿರುವುದು ಮಂಗಳವಾರ ಬೆಳಿಗ್ಗೆ ಎಂಬುದೊಂದನ್ನು ಬಿಟ್ಟರೆ ಆ ಹೊತ್ತಿಗೆ ಬೇರೆ ಕಾರಣವೇ ಇರಲಿಲ್ಲ. ಅಂಗೈಗೆ ನೋಟು ಎಣಿಸಿ ಹಾಕುವ ಚಿತ್ರವೊಂದನ್ನು ಈಗ ಸೇರಿಸಿದ್ದೇವೆ, ಶನಿವಾರ ಸಂಜೆಯ ಎರಡು ಗಂಟೆಗಳನ್ನು ನಮಗೆ ಬಿಟ್ಟುಕೊಡಬೇಕೆಂದು ಸ್ಕ್ಯಾನಿಂಗ್ ವಿಭಾಗಕ್ಕೆ ಪತ್ರ ಬರೆದಿದ್ದೇನೆ.