ಆರ್‌ವಿಯಲ್ಲಿ ಮರುಭೂಮಿಗೆ: ಮೊದಲು ನೀರಿನ ಲೆಕ್ಕ

ನಾನು ಹುಬ್ಬಳ್ಳಿಯಲ್ಲಿ ಸಂಸಾರ ಮಾಡಿದವಳು. ನಮ್ಮ ಓಣಿಗೆ ನಲ್ಲಿ ನೀರು ವಾರಕ್ಕೊಮ್ಮೆ, ಬೇಸಿಗೆಯಲ್ಲಿ ಹತ್ತು ದಿನಕ್ಕೊಮ್ಮೆ ಬರುತ್ತಿತ್ತು. ಬಂದ ರಾತ್ರಿ ಹಂಡೆ, ಕೊಡ, ಬಕೆಟ್ಟು, ಕೊನೆಗೆ ಕುಕ್ಕರಿಗೂ ನೀರು ತುಂಬಿಟ್ಟು ಮಲಗುತ್ತಿದ್ದೆವು. ಈಗ ಮಗನ ಮನೆ ಅಮೆರಿಕದಲ್ಲಿ, ಇಲ್ಲಿ ನಲ್ಲಿ ತಿರುಗಿಸಿದರೆ ಬಿಸಿನೀರು. ಹಳೆಯ ಅಭ್ಯಾಸ ಮರೆತೇ ಹೋಗಿತ್ತು. ಆರ್‌ವಿ, ಅಂದರೆ ಒಲೆ, ಹಾಸಿಗೆ, ಕಕ್ಕಸು ಎಲ್ಲ ಒಳಗೇ ಇರುವ ಮನೆಯಂಥ ಗಾಡಿ, ಬಾಡಿಗೆಗೆ ಹಿಡಿದು ಮರುಭೂಮಿ ನೋಡಲು ಹೊರಟಾಗ ಅದೇ ಕೈ ಹಿಡಿಯಿತು.

ಎರಡು ಸಲ ಹೋಗಿ ಬಂದಿದ್ದೇವೆ. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು ಮತ್ತು ನಾನು. ಮೊದಲ ಸಲ ಮಾರ್ಚ್ ಕೊನೆಯಲ್ಲಿ ಲಾಸ್ ವೇಗಸ್‌ನಿಂದ ಡೆತ್ ವ್ಯಾಲಿ, ಜಯಾನ್, ಗ್ರ್ಯಾಂಡ್ ಕ್ಯಾನ್ಯನ್. ಇನ್ನೊಂದು ಸಲ ನವೆಂಬರಿನಲ್ಲಿ ಜೋಶುವಾ ಟ್ರೀ. ಈ ನಾಲ್ಕೂ ಅಮೆರಿಕದ ರಾಷ್ಟ್ರೀಯ ಉದ್ಯಾನಗಳು. ಹೊರಡುವವರು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವ ಮಾತು, ಮಕ್ಕಳ ಬೇಸಿಗೆ ರಜಕ್ಕೆ ಮಾತ್ರ ಬೇಡ, ಇಲ್ಲಿ ಅದು ಜೂನ್‌ನಿಂದ ಆಗಸ್ಟ್. ಡೆತ್ ವ್ಯಾಲಿಯ ಫರ್ನೆಸ್ ಕ್ರೀಕ್‌ನಲ್ಲಿ 1913ರ ಜುಲೈ 10ರಂದು 134 ಡಿಗ್ರಿ ಫ್ಯಾರನ್‌ಹೀಟ್ ದಾಖಲಾಗಿದೆ. ನಮ್ಮ ಲೆಕ್ಕದಲ್ಲಿ ಸುಮಾರು 57 ಡಿಗ್ರಿ. ಕಲಬುರಗಿ ಬಿಸಿಲು ಕಂಡವರೂ ಅಲ್ಲಿ ನಿಲ್ಲಲಾರರು. ಬೇಸಿಗೆಯಲ್ಲಿ ಡೆತ್ ವ್ಯಾಲಿಗೆ ಗಾಡಿ ಒಯ್ಯಕೂಡದು ಅಂತ ಕೆಲವು ಬಾಡಿಗೆ ಕಂಪನಿಗಳು ಕರಾರಿನಲ್ಲೇ ಬರೆದಿರುತ್ತವೆ. ಮಾರ್ಚ್, ಏಪ್ರಿಲ್, ಇಲ್ಲವೇ ಅಕ್ಟೋಬರ್, ನವೆಂಬರ್ ಒಳ್ಳೆಯದು.

ಆ ತಿಂಗಳುಗಳೇ ಒಳ್ಳೆಯವು ಅಂತ ಎಲ್ಲರಿಗೂ ಗೊತ್ತು, ಅದೇ ಕಷ್ಟ. ಜಯಾನ್‌ನ ವಾಚ್‌ಮನ್ ಕ್ಯಾಂಪ್‌ಗ್ರೌಂಡಿನ ಜಾಗ ಸರ್ಕಾರದ ಬುಕಿಂಗ್ ಜಾಲತಾಣ ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ ಆರು ತಿಂಗಳ ಮುಂಚೆ ತೆರೆಯುತ್ತದೆ. ತೆರೆದ ಬೆಳಿಗ್ಗೆಯೇ ಮುಗಿದುಹೋಗುತ್ತದೆ. ನನ್ನ ಮಗ ಫೋನು ಹಿಡಿದು, ಸೊಸೆ ಲ್ಯಾಪ್‌ಟಾಪು ಹಿಡಿದು ಒಟ್ಟಿಗೆ ಒತ್ತಿದರು. ಜಾಗ ಸಿಕ್ಕಿದ್ದು ಸೊಸೆಗೆ. ಅಲ್ಲಿಗೆ ಇಷ್ಟು ಪಾಡು ಪಡುವುದಕ್ಕೆ ಕಾರಣ ಇದೆ. ಕೆಲವು ಜಾಗಕ್ಕೆ ಕರೆಂಟು ಸಿಗುತ್ತದೆ, ಕಣಿವೆಯೊಳಗೆ ಹೋಗುವ ಬಸ್ಸಿಗೆ ನಡೆದೇ ಹೋಗಬಹುದು. ವರ್ಷದ ಹೆಚ್ಚು ತಿಂಗಳು ಆ ಕಣಿವೆಗೆ ಸ್ವಂತ ಗಾಡಿ ಬಿಡುವುದಿಲ್ಲ. ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಕರೆಂಟು, ನೀರು, ಚರಂಡಿ ಮೂರೂ ಬೇಕಾದರೆ ಟ್ರೇಲರ್ ವಿಲೇಜ್. ಪಕ್ಕದ ಮ್ಯಾದರ್ ಕ್ಯಾಂಪ್‌ಗ್ರೌಂಡ್ ಅಗ್ಗ, ಆದರೆ ಅಲ್ಲಿ ಹುಕ್‌ಅಪ್, ಅಂದರೆ ಗಾಡಿಗೆ ಸಿಕ್ಕಿಸಿಕೊಳ್ಳುವ ಈ ಜೋಡಣೆ, ಇಲ್ಲ, 30 ಅಡಿಗಿಂತ ಉದ್ದದ ಗಾಡಿ ಹಿಡಿಸುವುದೂ ಇಲ್ಲ. ಆದ್ದರಿಂದ ಮೊದಲು ಕ್ಯಾಂಪ್‌ಗ್ರೌಂಡಿನ ಅಳತೆ ನೋಡಿ, ಆಮೇಲೆ ಗಾಡಿ ಹಿಡಿಯಿರಿ. ನಾವು 25 ಅಡಿಯದು ತೆಗೆದುಕೊಂಡೆವು. ಐದು ಜನಕ್ಕೆ ಸಾಕು.

ಪಾರ್ಕುಗಳ ಪ್ರವೇಶದ ಪಾಸಿನ ಮಾತೂ ಹೇಳಿಬಿಡುತ್ತೇನೆ. ನಿಮ್ಮ ಮನೆಯ ಹಿರಿಯರಿಗೆ 62 ದಾಟಿದ್ದು ಗ್ರೀನ್ ಕಾರ್ಡ್ ಅಥವಾ ಪೌರತ್ವ ಇದ್ದರೆ 80 ಡಾಲರಿಗೆ ಜೀವಮಾನದ ಸೀನಿಯರ್ ಪಾಸು ಸಿಗುತ್ತದೆ. ಅವರ ಜೊತೆ ಗಾಡಿಯಲ್ಲಿದ್ದವರಿಗೂ ನಡೆಯುತ್ತದೆ, ಬಹಳ ಕಡೆ ಕ್ಯಾಂಪಿಂಗಿಗೆ ಅರ್ಧ ದುಡ್ಡು. ನನ್ನನ್ನು ಕರೆದುಕೊಂಡು ಹೋಗುವುದು ಪ್ರೀತಿಗೋ ಪಾಸಿಗೋ ಅಂತ ನಾನು ಮಗನನ್ನು ಕೇಳುವುದುಂಟು. ಊರಿನಿಂದ ಸುತ್ತಾಡಲು ಬಂದವರ ಲೆಕ್ಕ ಬೇರೆ. 2026ರಿಂದ ಅಮೆರಿಕದಲ್ಲಿ ವಾಸವಿಲ್ಲದವರಿಗೆ ವಾರ್ಷಿಕ ಪಾಸು 250 ಡಾಲರ್. ಬೀಗರನ್ನು ಕರೆಸಿಕೊಳ್ಳುವವರು ಇದನ್ನೂ ಖರ್ಚಿನಲ್ಲಿ ಹಿಡಿಯಿರಿ.

ಇನ್ನು ನೀರು. ಆರ್‌ವಿಯಲ್ಲಿ ಮೂರು ಟ್ಯಾಂಕು ಇರುತ್ತವೆ. ಒಳ್ಳೆಯ ನೀರಿನದು ಒಂದು. ಸಿಂಕು ಮತ್ತು ಸ್ನಾನದ ನೀರು ಹೋಗುವುದು ಗ್ರೇ ಟ್ಯಾಂಕಿಗೆ. ಕಕ್ಕಸಿನದು ಬ್ಲ್ಯಾಕ್ ಟ್ಯಾಂಕು. ನಮ್ಮ ಗಾಡಿಯ ಒಳ್ಳೆಯ ನೀರಿನ ಟ್ಯಾಂಕು ಸುಮಾರು 40 ಗ್ಯಾಲನ್, ಅಂದರೆ 150 ಲೀಟರ್. ನಾನು ಅದನ್ನು ಹತ್ತು ಕೊಡ ಅಂತ ಲೆಕ್ಕ ಹಾಕಿದೆ. ಐದು ಜನಕ್ಕೆ ಹತ್ತು ಕೊಡ ಧಾರಾಳ ಅನಿಸಿತು, ಅಲ್ವಾ? ಆದರೆ ಷವರ್ ನಿಮಿಷಕ್ಕೆ ಎರಡು ಗ್ಯಾಲನ್ ಸುರಿದರೆ ಐದು ನಿಮಿಷದ ಸ್ನಾನಕ್ಕೆ ಎರಡೂವರೆ ಕೊಡ ಖಾಲಿ. ನಾಲ್ಕು ಜನ ಮಿಂದರೆ ಐದನೆಯವರಿಗೆ ಹಲ್ಲುಜ್ಜಲೂ ನೀರಿಲ್ಲ.

ಮೊದಲ ಸಂಜೆಯೇ ಮಕ್ಕಳಿಗೆ ಹೇಳಿದೆ, ಷವರಿನ ಕೆಳಗೆ ಬಕೆಟ್ಟು ಇಡುತ್ತೇನೆ, ಒಂದು ಬಕೆಟ್ಟು, ಒಂದು ಮಗ್ಗು, ಅಷ್ಟೇ. ಮೊಮ್ಮಗಳಿಗೆ ಅದು ಆಟವೇ ಆಗಿಹೋಯಿತು. ನಾನು ಮನೆಯಿಂದ ಮಡಚುವ ಬಕೆಟ್ಟು, ಪ್ಲಾಸ್ಟಿಕ್ ಮಗ್ಗು, ಒಂದು ಚೊಂಬು ಒಯ್ದಿದ್ದೆ. ಸೊಸೆ ಮೊದಲು ನಕ್ಕಳು. ಎರಡನೇ ಸಲ ಅವಳೇ ನೆನಪಿಟ್ಟು ತುಂಬಿಸಿದಳು. ನಮ್ಮವರಿಗೆ ಚೊಂಬಿಲ್ಲದೆ ಆಗುವುದಿಲ್ಲ, ಅದಕ್ಕೆ ನಾಚಿಕೆ ಯಾಕೆ. ಬ್ಲ್ಯಾಕ್ ಟ್ಯಾಂಕಿಗೆ ಹೇಗಿದ್ದರೂ ನೀರು ಬೇಕು, ಒಣಗಿದರೆ ಕೆಳಗೆ ಗಟ್ಟಿಯಾಗಿ ಕೂತುಬಿಡುತ್ತದೆ. ಆದರೆ ಕ್ಯಾಂಪ್‌ಗ್ರೌಂಡಿನಲ್ಲಿ ಕಕ್ಕಸು ಇರುವಾಗ ಹಗಲು ಅಲ್ಲಿಗೇ ಹೋಗಿ. ಗಾಡಿಯದು ರಾತ್ರಿಗೆ ಮತ್ತು ದಾರಿಗೆ ಇರಲಿ.

ಬಹಳ ಜನರಿಗೆ ತಿಳಿಯದ ಸಂಗತಿ, ಮೊದಲು ತುಂಬುವುದು ಬ್ಲ್ಯಾಕ್ ಅಲ್ಲ, ಗ್ರೇ. ಪಾತ್ರೆ ತೊಳೆದ ನೀರೇ ಅದನ್ನು ತುಂಬಿಸುವುದು. ನಾನು ಉಂಡ ತಟ್ಟೆಯನ್ನು ಮೊದಲು ಪೇಪರ್ ಟವಲಿನಲ್ಲಿ ಒರೆಸಿ, ಸಾರಿನ ಎಣ್ಣೆ ಹೋದ ಮೇಲೆ ಒಂದೇ ಟಬ್ಬಿನಲ್ಲಿ ತೊಳೆಯುತ್ತಿದ್ದೆ. ಜೋಶುವಾ ಟ್ರೀಯಲ್ಲಿ ಒಂದು ತಪ್ಪು ಮಾಡಿದೆ. ಅಕ್ಕಿ ತೊಳೆದ ನೀರು ಚೆಲ್ಲಲು ಮನಸ್ಸಾಗದೆ ಪಾಪ ಒಣಗಿದೆ ಅಂತ ಹತ್ತಿರದ ಗಿಡದ ಬುಡಕ್ಕೆ ಹಾಕುತ್ತಿದ್ದೆ. ರೇಂಜರ್ ಹುಡುಗಿ ಬಂದು ಮೆತ್ತಗೆ ಹೇಳಿದಳು, ಇಲ್ಲಿ ಬಳಸಿದ ನೀರು ನೆಲಕ್ಕೆ ಹಾಕುವಂತಿಲ್ಲ, ಅನ್ನದ ವಾಸನೆಗೆ ಅಳಿಲು, ತೋಳದಂಥ ಕಯೋಟಿ ಬರುತ್ತವೆ. ಮನೆಯಲ್ಲಿ ಪುಣ್ಯದ ಕೆಲಸ, ಅಲ್ಲಿ ತಪ್ಪು. ಬಳಸಿದ್ದೆಲ್ಲ ಟ್ಯಾಂಕು ಖಾಲಿ ಮಾಡುವ ಡಂಪ್ ಸ್ಟೇಷನ್ನಿಗೇ.

ಡಂಪ್ ಮಾಡುವಾಗ ಮೊದಲು ಬ್ಲ್ಯಾಕ್, ಆಮೇಲೆ ಗ್ರೇ. ಸೋಪಿನ ನೀರು ಹಿಂದಿನಿಂದ ಬಂದು ಪೈಪನ್ನು ತೊಳೆಯುತ್ತದೆ. ಕೈಗೆ ಗ್ಲೌಸು, ಆಗ ತೊಟ್ಟ ಬಟ್ಟೆಗೆ ಬೇರೆ ಚೀಲ. ಈ ಕೆಲಸ ಗಂಡಸರಿಗೆ ಬಿಡಿ ಅಂತ ನನ್ನ ಅಭಿಪ್ರಾಯ. ಅವರಿಗೂ ಸಂಸಾರ ಗೊತ್ತಾಗಲಿ.

ಕುಡಿಯುವ ನೀರು ಟ್ಯಾಂಕಿನದಲ್ಲ, ಅದಕ್ಕೆ ಬೇರೆ ಕ್ಯಾನು. ಒಬ್ಬರಿಗೆ ದಿನಕ್ಕೆ ಕಡಿಮೆಯೆಂದರೂ ಒಂದು ಗ್ಯಾಲನ್ ಅಂತ ಪಾರ್ಕಿನವರೇ ಹೇಳುತ್ತಾರೆ. ಜೋಶುವಾ ಟ್ರೀಯ ಹೆಚ್ಚಿನ ಕ್ಯಾಂಪ್‌ಗ್ರೌಂಡುಗಳಲ್ಲಿ ನಲ್ಲಿಯೇ ಇಲ್ಲ. ಬ್ಲ್ಯಾಕ್ ರಾಕ್, ಕಾಟನ್‌ವುಡ್‌ನಲ್ಲಿ ಇದೆ, ಹುಕ್‌ಅಪ್ ಎಲ್ಲೂ ಇಲ್ಲ. ಒಣ ಗಾಳಿಯಲ್ಲಿ ಬೆವರು ಬಂದಿದ್ದೇ ಗೊತ್ತಾಗುವುದಿಲ್ಲ, ಹುಟ್ಟಿದ ಕೂಡಲೇ ಆರಿಹೋಗುತ್ತದೆ. ಬರೀ ನೀರು ಕುಡಿಸಿದರೂ ಸಾಲದು, ಉಪ್ಪು ಬೇಕು. ಬೆಳಿಗ್ಗೆ ಒಂದು ದೊಡ್ಡ ಫ್ಲಾಸ್ಕು ಮಜ್ಜಿಗೆ, ಉಪ್ಪು, ಜೀರಿಗೆ ಪುಡಿ, ಚೂರು ಶುಂಠಿ. ಮಧ್ಯಾಹ್ನಕ್ಕೆ ನಿಂಬೆಹಣ್ಣಿನ ಪಾನಕ. ಮೊಮ್ಮಗ ಅಂಗಡಿಯ ಬಣ್ಣದ ನೀರು ಕೇಳಿದ, ನಾನು ಕೊಡಿಸಲಿಲ್ಲ.

ಮಜ್ಜಿಗೆಗೆ ಮೊಸರು ಬೇಕಲ್ಲ. ಓಡುವ ಗಾಡಿಯಲ್ಲಿ ಹೆಪ್ಪು ಕೂರುವುದಿಲ್ಲ, ಅಲುಗಾಡಿ ನೀರು ಬಿಟ್ಟುಕೊಳ್ಳುತ್ತದೆ. ಸಂಜೆ ಗಾಡಿ ನಿಲ್ಲಿಸಿದ ಮೇಲೆ ಹಾಲು ಬೆಚ್ಚಗೆ ಮಾಡಿ ಹೆಪ್ಪು ಹಾಕಿ, ಡಬ್ಬಿಯನ್ನು ಮೊಮ್ಮಗನ ಸ್ವೆಟರಿನಲ್ಲಿ ಸುತ್ತಿ, ಹಾಸಿಗೆಯ ಮೂಲೆಯಲ್ಲಿಡುತ್ತಿದ್ದೆ. ಬೆಳಿಗ್ಗೆ ಗಟ್ಟಿ ಮೊಸರು. ಗ್ಯಾಸಿನ ಮೇಲೆ ನಡೆಯುವ ಫ್ರಿಜ್ಜಾದರೆ ಗಾಡಿ ಸಮ ನಿಂತಿರಬೇಕು, ವಾಲಿದ್ದರೆ ತಣ್ಣಗಾಗುವುದಿಲ್ಲ. ನಾನು ಸ್ಟೌ ಪಕ್ಕ ತಟ್ಟೆಯಲ್ಲಿ ನೀರಿಟ್ಟು ನೋಡುತ್ತಿದ್ದೆ. ಮಗ ಫೋನಿನಲ್ಲಿ ನೋಡುತ್ತಿದ್ದ. ಇಬ್ಬರದೂ ಒಂದೇ ಉತ್ತರ.

ಮೊದಲ ರಾತ್ರಿ ಒಗ್ಗರಣೆ ಹಾಕಿ ಇಡೀ ಕ್ಯಾಂಪ್‌ಗ್ರೌಂಡನ್ನು ಎಬ್ಬಿಸಿದ ಕಥೆ ಹೇಳದಿದ್ದರೆ ಹೇಗೆ. ಎಣ್ಣೆ ಕಾಯಿತು, ಸಾಸಿವೆ ಸಿಡಿಯಿತು, ಬ್ಯಾಡಗಿ ಮೆಣಸಿನಕಾಯಿ ಹಾಕಿದೆ. ತಲೆಯ ಮೇಲೆ ಒಂದೂವರೆ ಅಡಿಯಲ್ಲಿ ಹೊಗೆಯ ಅಲಾರಂ ಕಿರುಚಿಕೊಂಡಿತು. "ಅತ್ತೀ, ಕಿಟಕಿ ತಗೀರಿ!" ಅಂತ ಸೊಸೆ, ಟವಲು ಬೀಸುತ್ತಾ ಮಗ, ಕೆಮ್ಮುತ್ತಾ ಮಕ್ಕಳು. ಅಲಾರಂ ಬ್ಯಾಟರಿ ತೆಗೆಯುವ ಬುದ್ಧಿ ಮಾತ್ರ ಮಾಡಬೇಡಿ, ಗ್ಯಾಸು ಇರುವ ಗಾಡಿ ಅದು. ಮರುದಿನದಿಂದ ಒಗ್ಗರಣೆಯನ್ನೆಲ್ಲ ಹೊರಗೆ, ಪಿಕ್ನಿಕ್ ಮೇಜಿನ ಮೇಲೆ ಸಣ್ಣ ಕ್ಯಾಂಪ್ ಸ್ಟೌನಲ್ಲಿ ಮಾಡಿದೆ. ಎರಡನೇ ಸಲ ಮನೆಯಲ್ಲೇ ಒಗ್ಗರಣೆ ಮಾಡಿ ಬಾಟಲಿಗೆ ತುಂಬಿ ಒಯ್ದೆ. ಉಪ್ಪಿಟ್ಟಿಗೆ ರವೆಯನ್ನೂ ಒಗ್ಗರಣೆ ಸಮೇತ ಹುರಿದೇ ಒಯ್ಯಿರಿ, ಬಿಸಿನೀರು ಹಾಕಿದರೆ ತಿಂಡಿ ಆಯಿತು. ಎಲ್ಲಕ್ಕಿಂತ ಕೆಲಸಕ್ಕೆ ಬಂದಿದ್ದು ನಮ್ಮ ಕಡಕ್ ಜೋಳದ ರೊಟ್ಟಿ. ಮರುಭೂಮಿಯ ಒಣ ಗಾಳಿಗೆ ಅದು ಮೆತ್ತಗಾಗುವುದೇ ಇಲ್ಲ. ಜೊತೆಗೆ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಮೊಸರು. ತೊಳೆಯಲು ಪಾತ್ರೆಯೂ ಇಲ್ಲ.

ಬೇಳೆ ಬೇಯಿಸುವಾಗ ಒಂದು ವಿಚಿತ್ರ ಕಂಡೆ. ಡೆತ್ ವ್ಯಾಲಿಯ ಬ್ಯಾಡ್‌ವಾಟರ್ ಸಮುದ್ರ ಮಟ್ಟಕ್ಕಿಂತ 282 ಅಡಿ ಕೆಳಗಿದೆ, ಉತ್ತರ ಅಮೆರಿಕದಲ್ಲೇ ತಗ್ಗು ಜಾಗ. ಅಲ್ಲಿಯ ಉಪ್ಪಿನ ಬಯಲು ನೋಡಿ ನನಗೆ ಗೋಕರ್ಣದ ಹತ್ತಿರದ ಸಾಣಿಕಟ್ಟ ನೆನಪಾಯಿತು. ಆ ಕಡೆ ಕ್ಯಾಂಪ್ ಮಾಡಿದಾಗ ತೊಗರಿಬೇಳೆ ಎಂದಿನಂತೆ ಬೆಂದಿತು. ಐದು ದಿನ ಬಿಟ್ಟು ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚಿನಲ್ಲಿ, ಸುಮಾರು 7,000 ಅಡಿ ಎತ್ತರದಲ್ಲಿ, ಅದೇ ಬೇಳೆ ತೆರೆದ ಪಾತ್ರೆಯಲ್ಲಿ ಒಂದು ಗಂಟೆ ಕುದಿದರೂ ಕಾಳು ಕಾಳಾಗಿಯೇ ಉಳಿಯಿತು. ಅಲ್ಲಿ ನೀರು ಸುಮಾರು 93 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಚಿಕ್ಕ ಕುಕ್ಕರ್ ಮರೆಯಬೇಡಿ, ಅಲ್ಲಿ ಎರಡು ಸೀಟಿ ಜಾಸ್ತಿ ಕೂಗಿಸಿ.

ಅಷ್ಟೇ ಅಲ್ಲ, ಅಲ್ಲಿ ಮಾರ್ಚಿನಲ್ಲೂ ರಾತ್ರಿ ನೀರು ಹೆಪ್ಪುಗಟ್ಟುತ್ತದೆ. ಹೊರಗಿನ ನಲ್ಲಿಗೆ ಸಿಕ್ಕಿಸಿದ ಪೈಪನ್ನು ಮಲಗುವ ಮುಂಚೆ ಬಿಚ್ಚಿ ಖಾಲಿ ಮಾಡಿಡಿ. ಮರುಭೂಮಿ ಅಂತ ಬರೀ ಹತ್ತಿ ಬಟ್ಟೆ ತಂದವರು ಅಲ್ಲಿ ನಡುಗುವುದನ್ನು ನೋಡಿದ್ದೇನೆ. ಕಂಬಳಿ, ಟೊಪ್ಪಿಗೆ, ಉಣ್ಣೆ ಕಾಲುಚೀಲ ಬೇಕೇ ಬೇಕು.

ಕರೆಂಟಿನದು ಸಣ್ಣ ಮಾತು. 30 ಆಂಪ್‌ನಲ್ಲಿ ಎಸಿ, ಮೈಕ್ರೋವೇವು, ಮಿಕ್ಸರ್ ಒಟ್ಟಿಗೆ ಹಾಕಿದರೆ ಬ್ರೇಕರ್ ಬೀಳುತ್ತದೆ. ಚಟ್ನಿ ರುಬ್ಬುವಾಗ ಎಸಿ ಆರಿಸಿ. ಹುಕ್‌ಅಪ್ ಇಲ್ಲದ ಕಡೆ ಜನರೇಟರ್, ಅದನ್ನೂ ರಾತ್ರಿ ಹಾಕುವಂತಿಲ್ಲ. ಪೆಟ್ರೋಲು ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಕಡಿಮೆಯಾದರೆ ಸಾಮಾನ್ಯವಾಗಿ ಜನರೇಟರ್ ತಾನೇ ನಿಲ್ಲುತ್ತದೆ. ಹಾಗಾಗಿ ಡೆತ್ ವ್ಯಾಲಿಗೆ ಇಳಿಯುವ ಮುಂಚೆ ಪಹ್ರಂಪ್‌ನಲ್ಲಿ ಪೂರ್ತಿ ತುಂಬಿಸಿ. ಒಳಗೆ ಬೆಲೆಯೂ ಜಾಸ್ತಿ, ಫೋನೂ ಬಹುತೇಕ ಕಡೆ ಸಿಗುವುದಿಲ್ಲ. ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ.

ದಾರಿಯಲ್ಲಿ ನನಗೆ ಹೆದರಿಕೆ ಇದ್ದದ್ದು ಜಯಾನ್‌ನ ಸುರಂಗ. 1930ರಲ್ಲಿ ಮುಗಿದದ್ದು, ಒಂದು ಮೈಲಿಗಿಂತ ಸ್ವಲ್ಪ ಉದ್ದ. ಆಗಿನ ಕಾರುಗಳ ಅಳತೆಗೆ ಕೊರೆದಿದ್ದು. 11 ಅಡಿ 4 ಇಂಚಿಗಿಂತ ಎತ್ತರ, ಕನ್ನಡಿ ಸೇರಿ 7 ಅಡಿ 10 ಇಂಚಿಗಿಂತ ಅಗಲ ಇದ್ದರೆ ತನ್ನ ಸಾಲಿನಲ್ಲಿ ಹಿಡಿಸುವುದಿಲ್ಲ. ಬಾಡಿಗೆ ಆರ್‌ವಿಗಳು ಹೆಚ್ಚಾಗಿ ಅಳತೆ ಮೀರಿದವೇ. ನಾವು ಹರಿಕೇನ್ ಊರಿಗೆ ವಾಪಸ್ ಬಂದು 59ನೇ ರಸ್ತೆ ಹಿಡಿದು, ಫ್ರೆಡೋನಿಯಾ ಮೇಲೆ ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೋದೆವು. ಫೋನು ನಾಲ್ಕು ಗಂಟೆ ಅಂದರೆ ಆರ್‌ವಿಗೆ ಐದೂವರೆ ಅಂತ ಹಿಡಿಯಿರಿ. ಕತ್ತಲಾಗುವ ಮುಂಚೆ ಗಾಡಿ ನಿಲ್ಲಬೇಕು, ಇದು ನಮ್ಮ ಮನೆಯ ಕಾನೂನು.

ಮದ್ದಿನ ಪೆಟ್ಟಿಗೆಯಲ್ಲಿ ಹಳೆಯ ಬಾಚಣಿಗೆ ಮತ್ತು ಚಿಮುಟ ಇಡಿ. ಜೋಶುವಾ ಟ್ರೀಯಲ್ಲಿ ಚೋಲಾ ಅನ್ನುವ ಕಳ್ಳಿ ಇದೆ, ದೂರದಿಂದ ಹತ್ತಿಯ ಉಂಡೆಯ ಹಾಗೆ ಕಾಣುತ್ತದೆ. ಮೊಮ್ಮಗ ಸವರಿಕೊಂಡು ಹೋದ, ಉಂಡೆ ಪ್ಯಾಂಟಿಗೆ ಅಂಟಿಕೊಂಡಿತು. ಕೈಯಿಂದ ಎಳೆಯಲು ಹೋದರೆ ಕೈಗೆ ಚುಚ್ಚುತ್ತದೆ. ಚರ್ಮಕ್ಕೂ ಉಂಡೆಗೂ ನಡುವೆ ಬಾಚಣಿಗೆ ತೂರಿಸಿ ಒಂದೇ ಸಲ ದೂರಕ್ಕೆ ಚಿಮ್ಮಿಸಬೇಕು. ಉಳಿದ ಮುಳ್ಳು ಚಿಮುಟದಿಂದ.

ಗಾಡಿ ವಾಪಸ್ ಕೊಡುವ ದಿನ ಗ್ರೇ, ಬ್ಲ್ಯಾಕ್ ಟ್ಯಾಂಕು ಎರಡೂ ಖಾಲಿ ಮಾಡಿ, ಪೆಟ್ರೋಲು ತುಂಬಿಸಿ, ಕಪಾಟುಗಳ ಫೋಟೋ ತೆಗೆದುಕೊಳ್ಳಿ. ನಮ್ಮ ಮೊದಲ ಸಲ ಬಾಡಿಗೆಯವರು ಮೊದಲೇ ಇದ್ದ ಗೀರಿಗೆ ದುಡ್ಡು ಕೇಳಿದರು, ತೆಗೆದುಕೊಂಡ ದಿನದ ಫೋಟೋ ತೋರಿಸಿದ ಮೇಲೆ ಬಿಟ್ಟರು. ಕೊನೆಗೆ ಫ್ರಿಜ್ಜು ಪೂರ್ತಿ ತೆರೆದು ಹಿಂದಿನ ಮೂಲೆಯನ್ನೂ ನೋಡಿ. ನಾನು ನೋಡಲಿಲ್ಲ. ಊರಿಂದ ತಂದಿದ್ದ ಹೆಪ್ಪಿನ ಸ್ಟೀಲ್ ಡಬ್ಬಿ ಆ ಗಾಡಿಯಲ್ಲೇ ಉಳಿಯಿತು. ಪಕ್ಕದ ಮನೆಯ ಗುಜರಾತಿ ಅಜ್ಜಿಯ ಹತ್ತಿರ ಒಂದು ಚಮಚ ಮೊಸರು ಇಸಿದುಕೊಂಡು ಮತ್ತೆ ಹೆಪ್ಪು ಹಾಕಿದೆ.